ಇವಿ (ಎಲೆಕ್ಟ್ರಿಕ್) ಕಾರಿನ ಖರ್ಚು-ಸವಲತ್ತು: ದುಡ್ಡು ಬಿಟ್ಟು ಪೆಟ್ರೋಲ್ ಲೀಟರಿನಲ್ಲಿ ಲೆಕ್ಕ ಹಾಕಿ ನೋಡೋಣ

ಲೀಟರ್‌ಲೆಕ್ಕ:
ಇವಿ ತಗೊಳ್ಳೋದಾ ಬೇಡ್ವಾ ಅನ್ನೋ ಮಾತು ಬಂದಾಗಲೆಲ್ಲ ಮೊದಲು ಸಬ್ಸಿಡಿ, ಆಮೇಲೆ "ಕಿಲೋಮೀಟರಿಗೆ ಇಷ್ಟೇ ಬೀಳುತ್ತೆ" ಅನ್ನೋ ವಾದ. ಎರಡೂ ಅರ್ಧ ಲೆಕ್ಕ. ಪೆಟ್ರೋಲ್ ದರ, ಕರೆಂಟ್ ದರ ಒಂದೊಂದು ಕಡೆ ಒಂದೊಂದು ಥರ, ಅದಕ್ಕೇ ಇಲ್ಲಿ ಹಣದ ಬದಲು ಪೆಟ್ರೋಲ್ ಲೀಟರನ್ನೇ ನಾಣ್ಯ ಮಾಡ್ಕೊಳ್ಳೋಣ. ನಿಮ್ಮ ಕಡೆ ಒಂದು ಯೂನಿಟ್ ಕರೆಂಟಿನ ಬೆಲೆಯನ್ನು ಒಂದು ಲೀಟರ್ ಪೆಟ್ರೋಲ್ ಬೆಲೆಯಿಂದ ಭಾಗಿಸಿ. ಬರೋ ಸಂಖ್ಯೆ ಒಂದೇ ಸಾಕು.

ಉದಾಹರಣೆಗೆ ಮನೆ ಯೂನಿಟ್ ಲೀಟರಿನ ಶೇ 8, ರಸ್ತೆ ಬದಿಯ ಫಾಸ್ಟ್ ಚಾರ್ಜರ್ ಯೂನಿಟ್ ಲೀಟರಿನ ಶೇ 25 ಅಂತ ಇಟ್ಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಓಡಾಟ. ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ 800 ಲೀಟರ್. ಇವಿ ಡ್ಯಾಶ್‌ಬೋರ್ಡಿನಲ್ಲಿ ಯೂನಿಟ್‌ಗೆ 7 ಕಿ.ಮೀ. ತೋರಿಸಿದರೂ ಮನೆಯ ಮೀಟರಿನಿಂದ ಲೆಕ್ಕ ಹಾಕಿದರೆ 6, ಫಾಸ್ಟ್ ಚಾರ್ಜರಿನಲ್ಲಿ 6.6 ಅಂತ ಹಿಡಿಯಿರಿ. ಶೇ 80 ಓಡಾಟ ಮನೆಯ ಕರೆಂಟಿನಲ್ಲಿ: 9,600 ಕಿ.ಮೀ.ಗೆ 1,600 ಯೂನಿಟ್, ಅಂದ್ರೆ 128 ಲೀಟರ್. ಉಳಿದ 2,400 ಕಿ.ಮೀ. ಫಾಸ್ಟ್ ಚಾರ್ಜರಿನಲ್ಲಿ: 364 ಯೂನಿಟ್, 91 ಲೀಟರ್. ಒಟ್ಟು 219. ಉಳಿತಾಯ ವರ್ಷಕ್ಕೆ 581 ಲೀಟರ್.

ಇದೇ ಕಾರನ್ನು ಪೂರ್ತಿ ಹೊರಗಿನ ಫಾಸ್ಟ್ ಚಾರ್ಜರಿನಲ್ಲೇ ಓಡಿಸಿದರೆ 455 ಲೀಟರ್ ಆಗುತ್ತೆ, ಉಳಿತಾಯ 345ಕ್ಕೆ ಇಳಿಯುತ್ತೆ. ಹೊರಗಿನ ಯೂನಿಟ್ ಲೀಟರಿನ ಶೇ 40 ಇದ್ದರೆ ಉಳಿಯೋದು ಬರೀ 73. ಶೇ 44 ದಾಟಿತು ಅಂದ್ರೆ ಪೆಟ್ರೋಲೇ ಅಗ್ಗ. ಕಾರು ಅದೇ, ಬ್ಯಾಟರಿ ಅದೇ. ಬದಲಾಗಿದ್ದು ಪ್ಲಗ್ ಇರೋ ಜಾಗ ಮಾತ್ರ. ಸಬ್ಸಿಡಿ ಎಷ್ಟು ಅಂತ ಕೇಳೋ ಮುಂಚೆ ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಕೇಳ್ಕೋಬೇಕು ಅನ್ನೋದು ಇದಕ್ಕೇ.

ಹೊಸಬ:
ಸರ್, ಡ್ಯಾಶ್‌ಬೋರ್ಡ್ 7 ತೋರಿಸಿದ್ರೆ ಮೀಟರಿನಲ್ಲಿ 6 ಯಾಕೆ? ಆ ಒಂದು ಎಲ್ಲಿಗೆ ಹೋಯ್ತು?

ಮೂರನೇಫೇಸ್:
ಬಿಸಿಯಾಗಿ ಹೋಯ್ತು. ಗೋಡೆಯಿಂದ ಬರೋದು ಏಸಿ (ದಿಕ್ಕು ಬದಲಾಯಿಸ್ತಾ ಹರಿಯೋ ಕರೆಂಟು), ಬ್ಯಾಟರಿಗೆ ಬೇಕಿರೋದು ಡಿಸಿ (ಒಂದೇ ದಿಕ್ಕಿನದು). ಅದನ್ನ ಬದಲಾಯಿಸೋದು ಕಾರಿನೊಳಗಿನ ಚಾರ್ಜರ್, ಅಲ್ಲಿ ಶೇ 6ರಿಂದ 8 ನಷ್ಟ. ಅದರ ಮೇಲೆ ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರು, ಕೂಲಂಟ್ ಪಂಪು, 12 ವೋಲ್ಟ್ ಬ್ಯಾಟರಿಗೆ ಕೊಡೋ ಕನ್ವರ್ಟರು ಎಲ್ಲ ಎಚ್ಚರವಾಗಿರ್ತವೆ. ಅದು ಸುಮಾರು 300 ವ್ಯಾಟ್ ಅಂದ್ಕೊಳ್ಳಿ. ಇಲ್ಲೇ ಒಂದು ವಿಚಿತ್ರ ಇದೆ: 10 ಆಂಪಿಯರ್ ಸಾಕೆಟ್‌ನಲ್ಲಿ ನಿಧಾನಕ್ಕೆ ಹಾಕಿದ್ರೆ ಒಟ್ಟು ಬರೋದೇ 2.3 ಕಿಲೋವ್ಯಾಟ್, ಅದರಲ್ಲಿ 300 ಅಂದ್ರೆ ಶೇ 13. ಅದೇ 32 ಆಂಪಿಯರ್‌ನಲ್ಲಿ 7.4 ಕಿಲೋವ್ಯಾಟ್ ಬರುತ್ತೆ, 300 ವ್ಯಾಟ್ ಅಂದ್ರೆ ಶೇ 4. ನಿಧಾನ ಚಾರ್ಜಿಂಗ್ ಬ್ಯಾಟರಿಗೆ ಒಳ್ಳೇದಿರಬಹುದು, ಮೀಟರಿಗೆ ಒಳ್ಳೇದಲ್ಲ.

ಇನ್ನೊಂದು ವಿಷ್ಯ. ಯುರೋಪಿನ ಡಬ್ಲ್ಯುಎಲ್‌ಟಿಪಿ ಅನ್ನೋ ಮೈಲೇಜ್ ಪರೀಕ್ಷೆಯಲ್ಲಿ 100 ಕಿ.ಮೀ.ಗೆ ಇಷ್ಟು ಯೂನಿಟ್ ಅಂತ ಹಾಕ್ತಾರಲ್ಲ, ಅದು ಗೋಡೆಯಿಂದ ಎಳೆದ ಕರೆಂಟು, ನಷ್ಟ ಸೇರಿದ್ದು. ಡ್ಯಾಶ್‌ಬೋರ್ಡ್ ತೋರಿಸೋದು ಬ್ಯಾಟರಿಯಿಂದ ಹೋದದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಕಂತುಗಾರ:
581 ಲೀಟರ್ ನೋಡಿ ಖುಷಿಪಡೋ ಮುಂಚೆ ಬಡ್ಡಿ ಹಾಕಿ. ಅದೇ ಸೈಜಿನ ಪೆಟ್ರೋಲ್ ಕಾರಿಗಿಂತ ಇವಿ 3,500 ಲೀಟರ್ ಬೆಲೆಯಷ್ಟು ದುಬಾರಿ ಅಂತ ಇಟ್ಕೊಳ್ಳಿ. ಶೇ 9ರ ಸಾಲ. ವರ್ಷಕ್ಕೆ 315 ಲೀಟರ್ ಬಡ್ಡಿಗೇ ಹೋಗುತ್ತೆ. ಉಳಿಯೋದು 266. ಮೂಗಿಗಿಂತ ಮೂಗುತಿ ಭಾರ.

ಲೀಟರ್‌ಲೆಕ್ಕ:
ಬಡ್ಡಿ ಹಾಕ್ಬೇಕು ಅನ್ನೋದು ಸರಿ, ಹಾಕಿದ ರೀತಿ ಸರಿಯಿಲ್ಲ. ಕಂತು ಕಟ್ಟುತ್ತಾ ಹೋದಂತೆ ಅಸಲು ಕರಗುತ್ತೆ, 315 ಪ್ರತಿವರ್ಷ ಬರಲ್ಲ. ಶೇ 9, 5 ವರ್ಷದ ಕಂತಿಗೆ ಒಟ್ಟು ಬಡ್ಡಿ ಅಸಲಿನ ಶೇ 24.5ರಷ್ಟು. 3,500ಕ್ಕೆ 859 ಲೀಟರ್, ಅಂದ್ರೆ ಸರಾಸರಿ ವರ್ಷಕ್ಕೆ 172. ಒಟ್ಟು ಹೆಚ್ಚುವರಿ ಹೊರೆ 4,359, ಅದನ್ನ 581ರಿಂದ ಭಾಗಿಸಿದರೆ ಹೊರೆ ತೀರೋಕೆ ಏಳೂವರೆ ವರ್ಷ. ಬಡ್ಡಿ ಇಲ್ಲದಿದ್ದರೆ ಆರು ವರ್ಷ.

1,200 ಲೀಟರಿನಷ್ಟು ಸಬ್ಸಿಡಿ ಸಿಕ್ಕರೆ ಹೆಚ್ಚುವರಿ ಬೆಲೆ 2,300, ಬಡ್ಡಿ 565, ಒಟ್ಟು 2,865. ಸುಮಾರು 5 ವರ್ಷಕ್ಕೆ ಸಮ. ಅಂದ್ರೆ ಸಬ್ಸಿಡಿ ಇಲ್ಲಿ ಆ ದಿನವನ್ನ ಎರಡೂವರೆ ವರ್ಷ ಮುಂಚೆ ತಂದುಕೊಟ್ಟಿತು. ಅಲ್ಲಗಳೆಯೋ ಮೊತ್ತ ಅಲ್ಲ.

ಕಂತುಗಾರ:
ಒಪ್ಪಿದೆ, ಶೇ 24.5 ಸರಿ. ಆದ್ರೂ ನಗದು ಕೊಟ್ಟು ತಗೊಳ್ಳೋರೂ ಬಡ್ಡಿ ಸೊನ್ನೆ ಅಂತ ಹಾಕ್ಕೋಬಾರದು. ಆ ದುಡ್ಡು ಠೇವಣಿಯಲ್ಲಿದ್ದಿದ್ರೆ ಏನು ಬರ್ತಿತ್ತೋ ಅದೇ ಅವರ ಬಡ್ಡಿ.

ಕಾಯಿದೆಕಣ್ಣು:
ಸಬ್ಸಿಡಿ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಜನ ಮೊತ್ತ ಓದ್ತಾರೆ, ಷರತ್ತು ಓದಲ್ಲ.

ಮೊದಲನೆಯದು, ಯಾವ ದಿನಾಂಕ ಲೆಕ್ಕಕ್ಕೆ? ಬುಕಿಂಗ್ ದಿನವಾ, ಬಿಲ್ ದಿನವಾ, ನೋಂದಣಿ ದಿನವಾ? ಜರ್ಮನಿಯಲ್ಲಿ ನಡೆದದ್ದು ಎಲ್ಲರಿಗೂ ಪಾಠ. ಅಲ್ಲಿ ಕಾರು ನೋಂದಣಿ ಆದ ಮೇಲೆ ಮಾತ್ರ ಅರ್ಜಿ ಹಾಕಬೇಕಿತ್ತು. 2023ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ ಬಜೆಟ್‌ಗೇ ಕತ್ತರಿ ಬಿತ್ತು. ಡಿಸೆಂಬರ್ 16ರ ಶನಿವಾರ ಪ್ರಕಟಣೆ, 17ರ ಭಾನುವಾರವೇ ಅರ್ಜಿಗೆ ಕೊನೇ ದಿನ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ ಗಾಡಿಗೆ ಕಾಯ್ತಿದ್ದವರ ಪಾಲಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗಾಗಿ ಡೆಲಿವರಿ ದೂರ ಇದ್ದರೆ ಬುಕಿಂಗ್ ಪತ್ರದಲ್ಲೇ "ಸಬ್ಸಿಡಿ ನಿಂತರೆ ಮುಂಗಡ ವಾಪಸ್" ಅಂತ ಒಂದು ಸಾಲು ಬರೆಸ್ಕೊಳ್ಳಿ. ಬಾಯಿಮಾತು ಸಾಲದು.

ಎರಡನೆಯದು, ದುಡ್ಡು ಯಾವ ರೂಪದಲ್ಲಿ ಬರುತ್ತೆ. ಬಿಲ್‌ನಲ್ಲೇ ಕಡಿತವಾದರೆ ಸಾಲವೂ ಕಡಿಮೆ, ಬಡ್ಡಿಯೂ ಕಡಿಮೆ. ಆಮೇಲೆ ಖಾತೆಗೆ ಬರೋದಾದರೆ ಪೂರ್ತಿ ಬೆಲೆಗೆ ಸಾಲ ಎತ್ತಿರ್ತೀರಿ. ಆದಾಯ ತೆರಿಗೆಯಲ್ಲಿ ವಿನಾಯಿತಿ ಅಂದರೆ ಇನ್ನೂ ಹುಷಾರು. ಅಮೆರಿಕದ 7,500 ಡಾಲರ್ ತೆರಿಗೆ ರಿಯಾಯಿತಿ ನೋಡಿ: ನೀವು ಆ ವರ್ಷ ಕಟ್ಟಬೇಕಾದ ತೆರಿಗೆ 4,000 ಡಾಲರ್ ಇದ್ದರೆ ಸಿಗ್ತಿದ್ದದ್ದೂ 4,000, ಉಳಿದದ್ದು ಹೋಯ್ತು. 2024ರ ಜನವರಿಯಿಂದ ಅದನ್ನ ಡೀಲರಿಗೇ ವರ್ಗಾಯಿಸಿ ಬೆಲೆಯಲ್ಲಿ ಕಳೆಯೋ ವ್ಯವಸ್ಥೆ ಬಂತು. 2025ರ ಸೆಪ್ಟೆಂಬರ್ 30ರ ನಂತರ ಕೊಂಡ ಕಾರುಗಳಿಗೆ ಪೂರ್ತಿ ನಿಂತೇಹೋಯ್ತು.

ಮೂರನೆಯದು, ಮಿತಿಗಳು. ಕಾರಿನ ಬೆಲೆಗೆ ಮೇಲ್ಮಿತಿ ಇರುತ್ತೆ, ಒಂದು ವೇರಿಯಂಟ್ ಮೇಲೆ ಹೋದರೆ ಇಡೀ ಸವಲತ್ತೇ ತಪ್ಪಬಹುದು. ಸನ್‌ರೂಫ್ ಆಸೆಗೆ ಸಬ್ಸಿಡಿ ಕಳ್ಕೊಂಡಂತೆ. ಮಾರುವ ಮುಂಚೆ ಇಷ್ಟು ವರ್ಷ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಹಣ ಹಿಂದಿರುಗಿಸಬೇಕು ಅನ್ನೋ ಷರತ್ತಿದೆಯಾ, ಖಾಸಗಿ ಹೆಸರಿಗೋ ಕಂಪನಿ ಹೆಸರಿಗೋ, ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ರಸ್ತೆ ತೆರಿಗೆ ಮಾಫಿ ಮುಂದುವರಿಯುತ್ತಾ, ಇವನ್ನೆಲ್ಲ ಆದೇಶದ ಪ್ರತಿಯಲ್ಲಿ ಓದಿ. ಶೋರೂಮಿನ ಕರಪತ್ರದಲ್ಲಿ ಓದಬೇಡಿ.

ಕೊನೆಗೆ, ಇವತ್ತು ಕೊಟ್ಟ ಸವಲತ್ತು ಕಾರಿನ ಆಯಸ್ಸು ಪೂರ್ತಿ ಇರುತ್ತೆ ಅಂತ ಲೆಕ್ಕ ಹಾಕಬೇಡಿ. ನಾರ್ವೆಯಷ್ಟು ಧಾರಾಳವಾಗಿ ಕೊಟ್ಟವರಿಲ್ಲ: ಖರೀದಿ ತೆರಿಗೆ 1990ರಿಂದ ಇರಲಿಲ್ಲ, ವ್ಯಾಟ್ (ಮೌಲ್ಯವರ್ಧಿತ ತೆರಿಗೆ) 2001ರಿಂದ ಇರಲಿಲ್ಲ. ಅಲ್ಲೂ 2023ರಿಂದ 5 ಲಕ್ಷ ಕ್ರೋನರ್ ಮೀರಿದ ಮೊತ್ತಕ್ಕೆ ವ್ಯಾಟ್ ಬಂತು. ಬ್ರಿಟನ್ 2022ರ ಜೂನ್‌ನಲ್ಲಿ ಕಾರಿನ ಸಹಾಯಧನ ನಿಲ್ಲಿಸಿತು, 2025ರ ಏಪ್ರಿಲ್‌ನಿಂದ ಇವಿಗೂ ವಾಹನ ತೆರಿಗೆ ಹಾಕಿತು, ಅದೇ ವರ್ಷ ಜುಲೈಯಲ್ಲಿ ಹೊಸ ಸಹಾಯಧನ ತಂದಿತು. ನ್ಯೂಜಿಲೆಂಡ್ 2023ರ ಕೊನೆಗೆ ರಿಯಾಯಿತಿ ತೆಗೆದು 2024ರ ಏಪ್ರಿಲ್ 1ರಿಂದ ಓಡಿದ ಕಿಲೋಮೀಟರಿಗೆ ರಸ್ತೆ ಶುಲ್ಕ ಹಾಕಿದೆ. ಐಸ್‌ಲ್ಯಾಂಡ್ ಕೂಡ 2024ರಿಂದ ಹಾಗೇ. ಪೆಟ್ರೋಲ್ ತೆರಿಗೆಯಲ್ಲಿ ರಸ್ತೆ ನಡೆಸುವ ಸರ್ಕಾರಕ್ಕೆ ಪೆಟ್ರೋಲ್ ಮಾರಾಟ ಇಳಿದರೆ ಬೇರೆ ದಾರಿ ಇಲ್ಲ. ಹತ್ತು ವರ್ಷದ ಲೆಕ್ಕ ಹಾಕುವವರು ಆರನೇ ವರ್ಷದಿಂದಾಚೆ ಇಂಥದ್ದೊಂದು ಸಾಲು ಸೇರಿಸ್ಕೊಳ್ಳಿ.

ಹೊಸಬ:
ಇಷ್ಟೆಲ್ಲ ಓದಿದ್ರೆ ಸಬ್ಸಿಡಿ ಇದ್ದೂ ಇಲ್ಲದಂಗೆ ಅನ್ನಿಸ್ತಿದೆ.

ಕಾಯಿದೆಕಣ್ಣು:
ಹಾಗಲ್ಲ. ಸಿಕ್ಕರೆ ಬಿಡಬೇಡಿ. ಆದರೆ ಸಬ್ಸಿಡಿ ಘೋಷಣೆಯಾದ ವಾರ ಡೀಲರ್ ಕೊಡ್ತಿದ್ದ ರಿಯಾಯಿತಿ ಮಾಯವಾಗಿದೆಯಾ ಅಂತ ನೋಡಿ. ಹಿಂದಿನ ತಿಂಗಳ ಕೊಟೇಶನ್ ಒಂದು ಕೈಯಲ್ಲಿದ್ದರೆ ತಕ್ಷಣ ಗೊತ್ತಾಗುತ್ತೆ. ಆ ರಿಯಾಯಿತಿ ಕಾಣೆಯಾಗಿದ್ದರೆ ಸಬ್ಸಿಡಿಯ ಒಂದು ಪಾಲು ಅವರ ಜೇಬಿಗೆ ಹೋಯ್ತು.

ಎರಡನೇಕೈ:
ಎಲ್ಲರೂ ಕಂತು, ಕರೆಂಟು ಅಂತ ಇದ್ದೀರಿ. ಎಲ್ಲಕ್ಕಿಂತ ದೊಡ್ಡ ಖರ್ಚು ಬೆಲೆ ಕುಸಿತ, ಅದನ್ನ ಯಾರೂ ಹಾಕಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸ್ತೀನಿ. ಶೇಕಡಾವಾರು ನನ್ನ ಊಹೆ, ನಿಮ್ಮ ಕಡೆಯ ಹಳೇ ಗಾಡಿ ಜಾಹೀರಾತು ನೋಡಿ ಬದಲಾಯಿಸ್ಕೊಳ್ಳಿ.

ಪೆಟ್ರೋಲ್ ಕಾರಿನ ಬೆಲೆ 16,500 ಲೀಟರ್. ಇವಿ 20,000, ಸಬ್ಸಿಡಿ ಕಳೆದು 18,800. ಐದು ವರ್ಷಕ್ಕೆ ಪೆಟ್ರೋಲಿಗೆ ಅರ್ಧ ಬೆಲೆ ಸಿಕ್ಕರೆ ನಷ್ಟ 8,250. ಇವಿಗೆ ಶೇ 40 ಸಿಕ್ಕರೆ 7,520 ಕೈಗೆ ಬಂತು, ನಷ್ಟ 11,280. ವ್ಯತ್ಯಾಸ 3,030. ಐದು ವರ್ಷದ ಇಂಧನ ಉಳಿತಾಯ 2,905. ಬಡ್ಡಿ ಸೇರಿಸೋ ಮುಂಚೆಯೇ ಸೋತಾಯ್ತು.

ಗಮನಿಸಿ, ಶೇ 40 ಹಾಕಿದ್ದು 18,800ರ ಮೇಲೆ, 20,000ದ ಮೇಲಲ್ಲ. ಹಳೇ ಗಾಡಿ ಕೊಳ್ಳೋನು ಹೋಲಿಸೋದು ಸಬ್ಸಿಡಿ ಕಳೆದ ಹೊಸ ಕಾರಿನ ಬೆಲೆಗೆ. ನಿಮಗೆ ಸಿಕ್ಕ 1,200ರಲ್ಲಿ 480 ನೀವು ಮಾರುವಾಗಲೇ ವಾಪಸ್ ಹೋಯ್ತು. ಸಬ್ಸಿಡಿ ಸಿಗದೆ ಮೊದಲೇ ಕೊಂಡವನ ಕಾರೂ ಅದೇ ದರಕ್ಕೆ ಇಳಿಯುತ್ತೆ, ಪಾಪ. ಕಂಪನಿಯೇ ಬೆಲೆ ಇಳಿಸಿದರೂ ಇದೇ ಕಥೆ: 2023ರ ಜನವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಶೇ 20ರವರೆಗೆ ಬೆಲೆ ಇಳಿಸಿದಾಗ ಹಳೇ ಟೆಸ್ಲಾಗಳೂ ಜೊತೆಗೇ ಇಳಿದವು. ಬಾಡಿಗೆ ಕಾರಿನ ಕಂಪನಿ ಹರ್ಟ್ಜ್ 2024ರ ಜನವರಿಯಲ್ಲಿ 20,000 ಇವಿ ಮಾರ್ತೀವಿ ಅಂತ ಪ್ರಕಟಿಸಿದ್ದರ ಹಿಂದೆ ಇದೂ ಒಂದು ಕಾರಣ.

ಈಗ ಅದೇ ಕಾರನ್ನ ಹತ್ತು ವರ್ಷ ಇಟ್ಕೊಳ್ಳಿ. ಪೆಟ್ರೋಲಿಗೆ ಶೇ 25, ಇವಿಗೆ ಶೇ 15 ಉಳಿದರೆ ನಷ್ಟ 12,375 ಮತ್ತು 15,980. ವ್ಯತ್ಯಾಸ 3,605, ಬಡ್ಡಿ 565 ಸೇರಿ 4,170. ಇಂಧನ ಉಳಿತಾಯ 5,810. ಗೆದ್ದಿರಿ, 1,640 ಲೀಟರಿನಷ್ಟು. ಇವಿ ತಗೊಂಡು ನಾಲ್ಕೈದು ವರ್ಷಕ್ಕೆ ಬದಲಾಯಿಸೋ ಅಭ್ಯಾಸ ಇದ್ದರೆ ಹೊಸದು ಬೇಡ. ಮೂರು ವರ್ಷ ಓಡಿದ್ದನ್ನ ತಗೊಳ್ಳಿ, ಮೊದಲ ಕುಸಿತ ಬೇರೆಯವರು ಹೊತ್ತಿರ್ತಾರೆ.

ಹೈಬ್ರಿಡ್‌ಪಕ್ಷ:
ಹೋಲಿಕೆಗೆ 15ರ ಪೆಟ್ರೋಲ್ ಕಾರನ್ನೇ ಇಟ್ಟುಕೊಂಡು ಇವಿ ಗೆದ್ದಿತು ಅಂದರೆ ಹೇಗೆ? ಲೀಟರಿಗೆ 23 ಕೊಡೋ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಮೋಟರೂ ಇರೋದು) ಇಡಿ. 12,000 ಕಿ.ಮೀ.ಗೆ 522 ಲೀಟರ್. ಇವಿಯ 219 ಕಳೆದರೆ ಉಳಿತಾಯ 303 ಮಾತ್ರ. ಚಾರ್ಜರ್ ಗೊಡವೆ ಇಲ್ಲ, ಸಾಲಿನಲ್ಲಿ ನಿಲ್ಲೋದಿಲ್ಲ.

ಲೀಟರ್‌ಲೆಕ್ಕ:
ನ್ಯಾಯವಾದ ಮಾತು. ಆದರೆ ಹೈಬ್ರಿಡ್ ಬೆಲೆಯೂ ಸಾಮಾನ್ಯ ಪೆಟ್ರೋಲಿಗಿಂತ ಮೇಲಿರುತ್ತೆ, ಆ ಹೆಚ್ಚುವರಿಯನ್ನೂ ಹಾಕಿ. ಓಡಾಟ ವರ್ಷಕ್ಕೆ 8,000 ಕಿ.ಮೀ.ಗಿಂತ ಕಡಿಮೆ ಇದ್ದರೆ ಇವಿಯೂ ಬೇಡ, ಹೈಬ್ರಿಡ್ಡೂ ಬೇಡ, ಸಾದಾ ಕಾರು ಸಾಕು. 20,000 ದಾಟಿ ರಾತ್ರಿ ಮನೆಯಲ್ಲೇ ಚಾರ್ಜ್ ಆಗುವಂತಿದ್ದರೆ ಹೈಬ್ರಿಡ್ ಹಿಂದೆ ಬೀಳುತ್ತೆ. ಜಗಳ ಇರೋದು ನಡುವೆ.

ಕಪ್ಪುಗ್ರೀಸು:
ಸರ್ವಿಸ್ ಖರ್ಚು ಇಲ್ಲವೇ ಇಲ್ಲ ಅನ್ನೋ ಪ್ರಚಾರಕ್ಕೆ ಸ್ವಲ್ಪ ಬ್ರೇಕ್. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್, ಕ್ಲಚ್, ಸೈಲೆನ್ಸರ್ ಇಲ್ಲ, ನಿಜ. ಉಳಿದದ್ದು ಇದೆ.

ಟೈರು ಮೊದಲು. ಬ್ಯಾಟರಿಯಿಂದ ಗಾಡಿ 200ರಿಂದ 400 ಕಿಲೋ ಭಾರ, ಜೊತೆಗೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಪೂರ್ತಿ ಟಾರ್ಕ್. ಡ್ರೈವ್ ಆಗೋ ಚಕ್ರದ ಟೈರ್ ಬೇಗ ಸವೆಯುತ್ತೆ. ಅಗ್ಗದ ಟೈರ್ ಹಾಕುವಾಗ ಅದೇ ಸೈಜ್ ಇದ್ದರೆ ಸಾಲದು, ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ತಡೆಯುತ್ತೆ ಅನ್ನೋ) ಸಂಖ್ಯೆ ಹಳೇ ಟೈರಿನಷ್ಟೇ ಅಥವಾ ಹೆಚ್ಚು ಇರಬೇಕು. 10,000 ಕಿ.ಮೀ.ಗೆ ಒಮ್ಮೆ ಹಿಂದೆ ಮುಂದೆ ಬದಲಾಯಿಸಿ.

ಬ್ರೇಕ್ ಪ್ಯಾಡ್ ಸವೆಯಲ್ಲ, ನಿಜ, ಮೋಟರೇ ಗಾಡಿ ನಿಲ್ಲಿಸುತ್ತೆ. ಸವೆಯದೇ ಇರೋದೇ ತೊಂದರೆ. ಉಪಯೋಗಿಸದ ಡಿಸ್ಕ್ ತುಕ್ಕು ಹಿಡಿಯುತ್ತೆ, ಪ್ಯಾಡ್ ಒತ್ತೋ ಕ್ಯಾಲಿಪರಿನ ಸ್ಲೈಡ್ ಪಿನ್ ಕಚ್ಕೊಳ್ಳುತ್ತೆ, ಒಂದೇ ಪಕ್ಕದ ಪ್ಯಾಡ್ ತಿನ್ನುತ್ತೆ. ವರ್ಷಕ್ಕೊಮ್ಮೆ ಪಿನ್ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿಸಿ. ಖಾಲಿ ರಸ್ತೆಯಲ್ಲಿ ರೀಜೆನ್ (ಮೋಟರಿನಿಂದಲೇ ಬ್ರೇಕ್ ಆಗೋದು) ಕನಿಷ್ಠಕ್ಕೆ ಇಳಿಸಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಡಿಸ್ಕ್ ಉಜ್ಜಿದ ಹಾಗಾಗುತ್ತೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೆ ಬದಲಾಯಿಸಿ, ಅದು ಓಡಾಟದ ಲೆಕ್ಕ ಅಲ್ಲ, ತೇವ ಹೀರೋ ಲೆಕ್ಕ.

ಆಮೇಲೆ ರಸ್ತೆಯಲ್ಲಿ ನಿಲ್ಲಿಸಿಬಿಡೋದು: 12 ವೋಲ್ಟಿನ ಪುಟ್ಟ ಬ್ಯಾಟರಿ. ಕೆಳಗೆ 50 ಯೂನಿಟ್ ತುಂಬಿದ್ರೂ ಇದು ಸತ್ತರೆ ಗಾಡಿ ಸತ್ತ ಹಾಗೆ, ಯಾಕಂದ್ರೆ ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್ (ಅದನ್ನ ಕಾರಿಗೆ ಜೋಡಿಸೋ ಸ್ವಿಚ್) ಆನ್ ಆಗೋದಕ್ಕೆ ಈ 12 ವೋಲ್ಟೇ ಬೇಕು. ಪೆಟ್ರೋಲ್ ಕಾರಿನಲ್ಲಿ ಸ್ಟಾರ್ಟರ್ ಎಳೆದೆಳೆದು ಮುನ್ಸೂಚನೆ ಕೊಡುತ್ತೆ, ಇಲ್ಲಿ ಕೊಡಲ್ಲ. ನಿನ್ನೆ ಓಡಿತು, ಇವತ್ತು ಬಾಗಿಲೇ ತೆಗೆಯಲ್ಲ. ಸೀಸದ್ದಾದರೆ ನಾಲ್ಕನೇ ವರ್ಷಕ್ಕೆ ಕೇಳದೆ ಬದಲಾಯಿಸಿ. ಬಾನೆಟ್ ಲಾಕ್ ಕರೆಂಟಿನಲ್ಲಿ ತೆರೆಯೋದಾದರೆ ಕೈಯಿಂದ ತೆರೆಯೋ ತಂತಿ ಎಲ್ಲಿದೆ ಅಂತ ಇವತ್ತೇ ಮ್ಯಾನುಯಲ್‌ನಲ್ಲಿ ನೋಡಿಡಿ. ಒಳಗಿನ ಬ್ಯಾಟರಿಗೆ ಕರೆಂಟ್ ಕೊಡೋಕೆ ಬಾನೆಟ್ ತೆಗೀಬೇಕು, ಬಾನೆಟ್ ತೆಗೆಯೋಕೆ ಕರೆಂಟ್ ಬೇಕು.

ಕಂತುಗಾರ:
ಇನ್ಶೂರೆನ್ಸ್ ಸೇರಿಸಿ. ಬ್ಯಾಟರಿ ಪೆಟ್ಟಿಗೆ ಅಡಿಯಲ್ಲಿರುತ್ತೆ. ಕಲ್ಲಿಗೆ ಬಡಿದು ತಗಡು ತಗ್ಗಾದರೆ ಕೆಲವು ಕಂಪನಿಗಳು ರಿಪೇರಿ ಮಾಡಲ್ಲ, ಪೂರ್ತಿ ಬದಲಾಯಿಸಿ ಅಂತವೆ. ಪಾಲಿಸಿಯಲ್ಲಿ ಮೂರು ಕೇಳಿ: ಬ್ಯಾಟರಿ ಮೇಲೆ ಸವಕಳಿ ಕಡಿತ ಎಷ್ಟು, ನೀರು ನುಗ್ಗಿದ್ದು ಬರುತ್ತಾ, ಗೋಡೆ ಚಾರ್ಜರ್ ಮತ್ತು ಕೇಬಲ್ ಬರುತ್ತಾ. ಸರ್ವಿಸಿನಲ್ಲಿ ಉಳಿದದ್ದು ಟೈರು ಮತ್ತು ಪ್ರೀಮಿಯಂಗೆ ಸರಿಹೋಗುತ್ತೆ ಅಂತ ಎರಡನ್ನೂ ಸೊನ್ನೆ ಮಾಡಿಬಿಡೋದು ನನ್ನ ಪದ್ಧತಿ.

ಹೊಸಬ:
ಬ್ಯಾಟರಿ ಹೋದ್ರೆ? ಹತ್ತು ವರ್ಷ ಇಟ್ಕೊಳ್ಳಿ ಅಂತೀರಿ, ವಾರಂಟಿ ಎಂಟೇ ವರ್ಷ.

ಎರಡನೇಕೈ:
ಸಾಮಾನ್ಯ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಸಾಮರ್ಥ್ಯ ಶೇ 70ಕ್ಕಿಂತ ಕೆಳಗೆ ಹೋದರೆ ಮಾತ್ರ. ಶೇ 71 ಇದ್ದರೆ ಏನೂ ಕೊಡಲ್ಲ. ಕೊಟ್ಟರೂ ಹೊಸ ಬ್ಯಾಟರಿ ಪ್ಯಾಕ್ ಅಂತಲ್ಲ, 70ರ ಮೇಲೆ ತಂದು ಕೊಟ್ಟರೆ ಅವರ ಕೆಲಸ ಮುಗೀತು. 400 ಕಿ.ಮೀ. ಕಾರು 280ಕ್ಕೆ ಇಳಿದರೂ ನಿಮ್ಮ ದಿನದ ಓಡಾಟಕ್ಕೆ ಸಾಕಾ ಅನ್ನೋದೇ ಸರಿಯಾದ ಪ್ರಶ್ನೆ.

ಕಂಪನಿಗಿಂತ ಕೆಮಿಸ್ಟ್ರಿ ನೋಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಆದರೆ ತುಂಬಿಸಿ ಖಾಲಿ ಮಾಡೋ ಸುತ್ತು ಹೆಚ್ಚು ತಡೆಯುತ್ತೆ. ಅದರ ವೋಲ್ಟೇಜ್ ನಡುವೆಲ್ಲ ಒಂದೇ ಸಮ ಇರೋದರಿಂದ ಎಷ್ಟು ಉಳಿದಿದೆ ಅಂತ ಕಾರಿಗೆ ಲೆಕ್ಕ ತಪ್ಪುತ್ತೆ. ವಾರಕ್ಕೊಮ್ಮೆ ಶೇ 100 ತುಂಬಿಸದಿದ್ದರೆ ಶೇ 15 ತೋರಿಸ್ತಿದ್ದದ್ದು ಏಕಾಏಕಿ ಸೊನ್ನೆಗೆ ಜಾರಬಹುದು. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋದು) ಆದರೆ ದಿನಕ್ಕೆ ಶೇ 80 ಸಾಕು, ದೂರ ಹೊರಡುವ ಬೆಳಿಗ್ಗೆ ಮಾತ್ರ 100. ಯಾವುದಾದರೂ ಸರಿ, ತುಂಬಿಸಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸೋದು ಕೆಟ್ಟದ್ದು. ಬ್ಯಾಟರಿಗೆ ದ್ರವದ ಕೂಲಿಂಗ್ ಇದೆಯಾ ಅಂತ ಖಚಿತ ಮಾಡ್ಕೊಳ್ಳಿ. 2010ರ ಕೊನೆಗೆ ಬಂದ ಮೊದಲ ನಿಸ್ಸಾನ್ ಲೀಫ್‌ನಲ್ಲಿ ಅದಿರಲಿಲ್ಲ, ಅರಿಜೋನದಂಥ ಸುಡುಬಿಸಿಲಿನ ಕಡೆ ಬೇಗ ಕುಗ್ಗಿತು.

ಸೆಕೆಂಡ್ ಹ್ಯಾಂಡ್ ನೋಡುವಾಗ ಡೀಲರ್ ತೋರಿಸೋ "ಆರೋಗ್ಯ ಶೇ 96" ಚೀಟಿ ನಂಬಬೇಡಿ, ನೀವೇ ಅಳೆಯಿರಿ. ಶೇ 20ಕ್ಕೆ ಇಳಿಸಿ, ಯೂನಿಟ್ ತೋರಿಸೋ ಮೀಟರ್ ಇರೋ ಏಸಿ ಚಾರ್ಜರಿನಲ್ಲಿ 100ರವರೆಗೆ ತುಂಬಿಸಿ. 40 ಯೂನಿಟ್ ಬ್ಯಾಟರಿಗೆ ಮೀಟರ್ 32.5 ಎಳೆಯಿತು ಅಂದ್ಕೊಳ್ಳಿ. ಶೇ 12 ನಷ್ಟ ಕಳೆದರೆ 28.6 ಒಳಗೆ ಹೋಯ್ತು. ಅದು ಶೇ 80 ಭಾಗ, 0.8ರಿಂದ ಭಾಗಿಸಿದರೆ 35.75. 40ಕ್ಕೆ ಹೋಲಿಸಿದರೆ ಶೇ 89. ಅಂದಾಜು ಲೆಕ್ಕವೇ, ಎರಡು ಮೂರು ಅಂಕ ಆಚೀಚೆ ಆಗುತ್ತೆ, ಆದರೆ ಸುಳ್ಳು ಚೀಟಿ ಹಿಡಿಯೋಕೆ ಸಾಕು. 40 ಅನ್ನೋದು ಬಳಕೆಗೆ ಸಿಗುವ ಸಾಮರ್ಥ್ಯ ಆಗಿರಬೇಕು, ಕರಪತ್ರದ ಒಟ್ಟು ಸಾಮರ್ಥ್ಯ ಅಲ್ಲ. ಬ್ಯಾಟರಿ ಬಾಡಿಗೆಯದಾ ಅಂತಲೂ ಕೇಳಿ. ರೆನೋ ಜೋಯಿ ಶುರುವಿನಲ್ಲಿ ಹಾಗೇ ಮಾರಾಟವಾಗಿತ್ತು, ಹಳೇದು ಕೊಂಡವರ ಮೇಲೂ ತಿಂಗಳ ಬಾಡಿಗೆ ಬರುತ್ತಿತ್ತು.

ಪ್ಯಾಕ್ ದರ ಇಳೀತಿದೆ ಅನ್ನೋದು ಸಮಾಧಾನದ ಸುದ್ದಿ: ಜಗತ್ತಿನ ಸರಾಸರಿಯಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 2010ರಲ್ಲಿ 1,000 ಡಾಲರ್ ಮೀರಿದ್ದದ್ದು 2024ಕ್ಕೆ ಸುಮಾರು 115. ಅದು ಕಾರ್ಖಾನೆ ದರ, ಸರ್ವಿಸ್ ಸೆಂಟರ್ ದರ ಅಲ್ಲ. ಹೊಸ ಕಾರು ಅಗ್ಗವಾಗಿ ನಿಮ್ಮ ಹಳೇದರ ಬೆಲೆ ಬೀಳೋದೂ ಇದರಿಂದಲೇ.

ಹೆದ್ದಾರಿಲೆಕ್ಕ:
ದೂರ ಪ್ರಯಾಣದವರಿಗೆ ಎರಡು ಮಾತು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ: 80ರಿಂದ 110ಕ್ಕೆ ಹೋದರೆ 1.89 ಪಟ್ಟು. ನಗರದಲ್ಲಿ 7 ಕೊಡೋ ಕಾರು ಅಲ್ಲಿ 5ಕ್ಕೆ ಬಂದರೆ ಬ್ಯಾಟರಿ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಲೆಕ್ಕದಲ್ಲಿ ಫಾಸ್ಟ್ ಚಾರ್ಜರ್ ಪಾಲಿಗೆ 6.6 ಬದಲು 5ನ್ನೇ ಹಾಕಿ, ಯಾಕಂದ್ರೆ ಹೊರಗೆ ಚಾರ್ಜ್ ಮಾಡೋದೇ ಹೆದ್ದಾರಿಯಲ್ಲಿ.

ಶೇ 10ರಿಂದ 80ರವರೆಗೆ ಮಾತ್ರ ತುಂಬಿಸಿ ಹೊರಡಿ. 80ರ ನಂತರ ಕರೆಂಟ್ ಹರಿವು ಕುಗ್ಗುತ್ತೆ, ಕೊನೇ 20ಕ್ಕೆ ಮೊದಲಿನಷ್ಟೇ ಹೊತ್ತು ಹಿಡಿಯಬಹುದು. ನಿಮಿಷದ ಲೆಕ್ಕದಲ್ಲಿ ಬಿಲ್ ಹಾಕೋ ಕಡೆ ಇದು ನೇರ ಜೇಬಿಗೆ ಕತ್ತರಿ. 150 ಕಿಲೋವ್ಯಾಟ್ ಅಂತ ಬೋರ್ಡ್ ಇದ್ದರೂ ಕಾರು 50 ಮಾತ್ರ ತಗೊಳ್ಳೋದಾದರೆ ಅಲ್ಲಿ ದುಬಾರಿ ದರ ಕೊಟ್ಟು ಲಾಭವಿಲ್ಲ. ತುಂಬಿದ ಮೇಲೂ ಗಾಡಿ ಅಲ್ಲೇ ಬಿಟ್ಟರೆ ನಿಲುಗಡೆ ದಂಡ ಬೇರೆ.

ಲೀಟರ್‌ಲೆಕ್ಕ:
ಒಳ್ಳೇ ತಿದ್ದುಪಡಿ. 5 ಹಾಕಿದರೆ 2,400 ಕಿ.ಮೀ.ಗೆ 480 ಯೂನಿಟ್, 120 ಲೀಟರ್. ಉಳಿತಾಯ 581ರಿಂದ 552ಕ್ಕೆ ಬಂತು. ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ 15ಕ್ಕಿಂತ ಹೆಚ್ಚು ಕೊಡೋದರಿಂದ ಇನ್ನೂ ಒಂದಿಷ್ಟು ಕಳೀಬೇಕು.

ಹೊಸಬ:
ಮನೆ ಮೇಲೆ ಸೋಲಾರ್ ಇದ್ರೆ ಇಂಧನ ಫ್ರೀ ತಾನೇ?

ಮೂರನೇಫೇಸ್:
ಫ್ರೀ ಅಲ್ಲ. ಆ ಯೂನಿಟ್ಟನ್ನ ಗ್ರಿಡ್‌ಗೆ ಕೊಟ್ಟಿದ್ರೆ ಎಷ್ಟು ಸಿಗ್ತಿತ್ತೋ ಅದೇ ಅದರ ಬೆಲೆ. ಮತ್ತೆ, ಬಿಸಿಲಿರುವಾಗ ಗಾಡಿ ಮನೆಯಲ್ಲಿ ಇರುತ್ತಾ?

ಹೊಸಬ:
ಇರಲ್ಲ. ಸರಿ, ಚಾರ್ಜಿಂಗ್ ಪಾಯಿಂಟ್ ಹಾಕಿಸೋದು ಹೇಗೆ ಹೇಳಿ. 32 ಆಂಪಿಯರ್ ಬಾಕ್ಸೇ ಬೇಕಾ?

ಮೂರನೇಫೇಸ್:
ಮೇಲಿನ 12,000 ಕಿ.ಮೀ. ಅಂದ್ರೆ ದಿನಕ್ಕೆ 33, ಐದೂವರೆ ಯೂನಿಟ್. 16 ಆಂಪಿಯರ್‌ನಲ್ಲಿ 3.7 ಕಿಲೋವ್ಯಾಟ್, ಒಂದೂವರೆ ಗಂಟೆ. ರಾತ್ರಿ 9 ಗಂಟೆ ಹಾಕಿಟ್ಟರೆ 33 ಯೂನಿಟ್, 200 ಕಿ.ಮೀ. ಹೆಚ್ಚಿನವರಿಗೆ ದೊಡ್ಡ ಬಾಕ್ಸ್ ಬೇಕಿಲ್ಲ, ಮಂಜೂರಾದ ಲೋಡ್ ಏರಿಸೋ ಖರ್ಚೂ ಉಳಿಯುತ್ತೆ. ಬೇಕಿರೋದು ಬೇರೆ ಸರ್ಕ್ಯೂಟ್. ಗೀಸರ್ ಲೈನಿನಿಂದ ಎಳೆಯೋದು ಬೇಡವೇ ಬೇಡ. ಗೀಸರ್ ಇಪ್ಪತ್ತು ನಿಮಿಷಕ್ಕೆ ಕಟ್ ಆಗುತ್ತೆ, ಕಾರು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತೆ. ಸಾದಾ ಸಾಕೆಟ್ ಒಳಗಿನ ಪಿತ್ತಾಳೆ ಹಿಡಿ ಬಿಸಿಗೆ ಸಡಿಲವಾಗುತ್ತೆ, ಸಡಿಲಕ್ಕೆ ಇನ್ನೂ ಬಿಸಿ, ಕೊನೆಗೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪಿನ್ನಿಗೆ ಅಂಟ್ಕೊಳ್ಳುತ್ತೆ. ಇಂಡಸ್ಟ್ರಿಯಲ್ ನೀಲಿ ಸಾಕೆಟ್ ಹಾಕಿಸಿ. ಹಾಕಿದ ಒಂದು ತಿಂಗಳಿಗೆ ಮೇನ್ ಆಫ್ ಮಾಡಿಸಿ ಎಲ್ಲ ಟರ್ಮಿನಲ್ ಸ್ಕ್ರೂ ಮತ್ತೆ ಬಿಗಿ ಮಾಡಿಸಿ, ತಾಮ್ರ ಸ್ವಲ್ಪ ಕೂತಿರುತ್ತೆ.

32 ಆಂಪಿಯರ್ ಹಾಕ್ತೀರಿ ಅಂದ್ರೆ 40ರ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳೋ ಸ್ವಿಚ್), 6 ಚದರ ಎಂಎಂ ತಾಮ್ರ ಕನಿಷ್ಠ. 32ರ ಎಂಸಿಬಿ ಹಾಕಿದ್ರೆ ಗಂಟೆಗಟ್ಟಲೆ ಎಳೆದಾಗ ಬಿಸಿಯಾಗಿ ಬೀಳಬಹುದು, ಆಮೇಲೆ ಕಾರಿನ ಮೇಲೆ ದೂರು. ಸಾದಾ ಏಸಿ ಟೈಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯೋ ಸ್ವಿಚ್) ಸಾಲದು, ಚಾರ್ಜರಿನಿಂದ ಸೋರೋ ಡಿಸಿಗೆ ಅದು ಕುರುಡಾಗುತ್ತೆ. 6 ಮಿಲಿಆಂಪಿಯರ್ ಡಿಸಿ ಪತ್ತೆ ಬಾಕ್ಸಿನಲ್ಲೇ ಇದ್ದರೆ ಎ ಟೈಪ್ ಸಾಕು, ಇಲ್ಲದಿದ್ದರೆ ಬಿ ಟೈಪ್. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಕೆಲವೇ ವೋಲ್ಟ್ ಇರಬೇಕು. ಹತ್ತಾರು ವೋಲ್ಟ್ ತೋರಿಸಿದ್ರೆ ಅರ್ಥಿಂಗ್ ಕೆಟ್ಟಿದೆ, ಕಾರು ಚಾರ್ಜ್ ತಗೊಳ್ಳದೆ ಕೆಂಪು ದೀಪ ಹಾಕುತ್ತೆ. ಅದು ಕಾರಿನ ದೋಷ ಅಲ್ಲ.

ಮೀಟರ್ ಬೋರ್ಡಿನಿಂದ ಪಾರ್ಕಿಂಗ್‌ಗೆ ಎಷ್ಟು ದೂರ? ನೇರ ಅಳತೆ ಬೇಡ, ಪೈಪ್ ಹೋಗೋ ದಾರಿಯಲ್ಲಿ ಟೇಪ್ ಹಿಡಿದು.

ಹೊಸಬ:
ಮೆಟ್ಟಿಲ ಪಕ್ಕದ ಡಕ್ಟ್ ಇಳಿದು ಬೇಸ್‌ಮೆಂಟ್ ಸುತ್ತಿ 55 ಮೀಟರ್.

ಮೂರನೇಫೇಸ್:
ಹೋಗಿ ಬರೋ ವೈರ್ 110 ಮೀಟರ್. 6 ಚದರ ಎಂಎಂನಲ್ಲಿ ಮೀಟರಿಗೆ 0.00308 ಓಂ, ಒಟ್ಟು 0.34 ಓಂ. 16 ಆಂಪಿಯರ್‌ಗೆ 5.4 ವೋಲ್ಟ್ ಇಳಿತ, 87 ವ್ಯಾಟ್ ನಷ್ಟ, ತೊಂದರೆ ಇಲ್ಲ. ಅದೇ ವೈರಿನಲ್ಲಿ 32 ಎಳೆದರೆ 10.8 ವೋಲ್ಟ್ ಇಳಿಯುತ್ತೆ, 347 ವ್ಯಾಟ್ ಗೋಡೆಯೊಳಗೆ ಬಿಸಿಯಾಗುತ್ತೆ. ಮುಂದೆ 32 ಬೇಕಾಗಬಹುದು ಅನ್ನಿಸಿದರೆ ಈಗಲೇ 10 ಚದರ ಎಂಎಂ ಹಾಕಿ: 6.4 ವೋಲ್ಟ್, 206 ವ್ಯಾಟ್. 16ರಲ್ಲೇ ಇರ್ತೀನಿ ಅಂದ್ರೆ 6 ಸಾಕು, ಆದ್ರೆ ಪೈಪ್ ಮಾತ್ರ ದೊಡ್ಡದು ಹಾಕಿಸಿ. ವೈರ್ ಆಮೇಲೂ ಎಳೀಬಹುದು, ಗೋಡೆ ಮತ್ತೆ ಒಡೆಯೋದು ಬೇಡ.